ಬೆಳಗ್ಗೆ ಮಾತಾಡದ ಕಾರ್ಡು

ಜೂನ್ ೯, ಸೋಮವಾರ, ಬೆಳಗ್ಗೆ ೯ ಗಂಟೆ ೪೦ ನಿಮಿಷ. ಹೆಗ್ಗನಹಳ್ಳಿ, ಗಿರಿಜತ್ತೆಯ ಮನೆಯ ಮುಂದಿನ ಕೋಣೆ. ಕಾರ್ಡು ಹಾಕಿದೆ. ಸದ್ದು ಬರಲಿಲ್ಲ. ಪ್ರಯತ್ನ ಒಂದು.

ನನ್ನ ನೋಟುಬುಕ್ಕಿನಲ್ಲಿ ಈ ಸಂಗತಿ ಶುರುವಾಗುವುದು ಹೀಗೆ. ಇಷ್ಟು ಸಣ್ಣ ವಿಷಯಕ್ಕೆ ಗಂಟೆ ನಿಮಿಷ ಯಾಕೆ ಎಂದು ನೀವು ಕೇಳಬಹುದು, ನಮ್ಮಮ್ಮನೂ ಕೇಳುತ್ತಾರೆ. ವಿಜಯನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನಗೆ ಕೆಲಸ. ಅಲ್ಲಿ ಫ್ರಿಜ್ಜಿನ ಒಳಗಿನ ಉಷ್ಣಾಂಶವನ್ನು ಎರಡೆರಡು ಗಂಟೆಗೊಮ್ಮೆ ನೋಡಿ ಬರೆದು ಸಹಿ ಹಾಕಬೇಕು. ನಾಲ್ಕು ವರ್ಷ ಹೀಗೆ ಬರೆದ ಮೇಲೆ ಆ ಚಟ ನನ್ನ ಜೊತೆ ಬಸ್ಸು ಹತ್ತಿ ಮನೆಗೂ ಬಂತು. ಬಸವೇಶ್ವರನಗರದ ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ಮುನ್ನೂರ ಹನ್ನೆರಡು ಹೆಜ್ಜೆ. ತಿರುವಿನ ನಾಯಿ ಎಚ್ಚರವಾಗಿದ್ದರೆ ಮುನ್ನೂರ ಮೂವತ್ತು, ಏಕೆಂದರೆ ಆಗ ನಾನು ರಸ್ತೆ ದಾಟಿ ಬಳಸಿಕೊಂಡು ಹೋಗುತ್ತೇನೆ. ನಿನ್ನ ಮದುವೆಯಲ್ಲಿ ತಲೆ ಮೇಲೆ ಬಿದ್ದ ಅಕ್ಕಿಕಾಳನ್ನೂ ಎಣಿಸ್ತೀಯ ಎಂದು ಅಮ್ಮ ಹೇಳುತ್ತಿರುತ್ತಾರೆ. ಎಣಿಸಬಹುದು. ಕೂದಲಲ್ಲಿ ಸಿಕ್ಕಿಕೊಂಡವು ಲೆಕ್ಕ ತಪ್ಪಿಸುತ್ತವೆ ಅನ್ನುವುದೊಂದೇ ತೊಂದರೆ.

ಗಿರಿಜತ್ತೆ ಅಪ್ಪನ ಅಕ್ಕ. ಚಿತ್ರದುರ್ಗದ ಕಡೆಯಿಂದ ಮದುವೆಯಾಗಿ ಬಂದು ಹೆಗ್ಗನಹಳ್ಳಿಯಲ್ಲಿ ನೆಲೆಸಿದವರು. ಕೈಕಸೂತಿಯಲ್ಲಿ ಎತ್ತಿದ ಕೈ. ಬೇಸಿಗೆ ರಜೆಗೆ ನಾನು ಅಲ್ಲಿಗೆ ಹೋದರೆ ಮನೆಯೆಲ್ಲ ಸೀಮೆಎಣ್ಣೆಯ ವಾಸನೆ. ಬಟರ್ ಪೇಪರಿನ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಅದನ್ನು ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯನ್ನು ಚಿಂದಿಯಿಂದ ಒರೆಸುತ್ತಿದ್ದರು. ಪೇಪರ್ ಎತ್ತಿದರೆ ಕೆಳಗೆ ಚುಕ್ಕಿಚುಕ್ಕಿಯಾಗಿ ಒಂದು ಮಾವಿನಕಾಯಿ ಇಳಿದಿರುತ್ತಿತ್ತು. ಚುಚ್ಚುವ ಕೆಲಸ ನನ್ನದು. ಒಂದು ಮಾವಿನಕಾಯಿಗೆ ಇನ್ನೂರ ಹದಿನಾಲ್ಕು ತೂತು. ಅತ್ತೆ ಒಮ್ಮೆಯೂ ನನ್ನನ್ನು ನೋಡಿ ನಕ್ಕವರಲ್ಲ. "ಎಣಿಸ್ಕೊಂಡೇ ಚುಚ್ಚು, ಕೈ ಓಡಲ್ಲ" ಅನ್ನುತ್ತಿದ್ದರು.

ಬಲಗೈ ಹೆಬ್ಬೆರಳಿನ ಕೀಲು ಹಿಡಿದ ಮೇಲೆ ಆ ಕೆಲಸ ನಿಂತಿತು. ಒಂಬತ್ತು ವರ್ಷದ ಹಿಂದೆ ಒಂದು ಕಂಪ್ಯೂಟರ್ ಕಸೂತಿ ಮಿಷನ್ನನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದರು. ರವಿಕೆಯ ತೋಳು, ಬೆನ್ನು, ಶಾಲೆಯ ಬ್ಯಾಡ್ಜು, ಎಲ್ಲವನ್ನೂ ಅದು ಹೊಲಿಯುತ್ತದೆ. ಆದರೆ ಅದಕ್ಕೆ ನೆನಪಿನ ಶಕ್ತಿ ಇಲ್ಲ. ಸ್ವಿಚ್ ಆರಿಸಿದರೆ ಕಲಿತದ್ದೆಲ್ಲ ಮರೆತುಹೋಗುತ್ತದೆ. ಪ್ರತಿದಿನ ಲ್ಯಾಪ್‌ಟಾಪಿನಿಂದ ಒಂದು ತಂತಿಯ ಮೂಲಕ ಡಿಸೈನನ್ನು ಹೊಸದಾಗಿ ಕಳಿಸಬೇಕು. ಆ ತಂತಿ ತುದಿಯಲ್ಲಿ ಸೂಜಿಯಂಥ ಒಂಬತ್ತು ಪಿನ್ನಿರುವ ಹಳೇ ಕಾಲದ್ದು, ಲ್ಯಾಪ್‌ಟಾಪಿನಲ್ಲಿ ಅದನ್ನು ಚುಚ್ಚುವ ಜಾಗವಿಲ್ಲ. ಅದಕ್ಕಾಗಿಯೇ ಈ ಕಾರ್ಡು. ಅಂಗಡಿಯವರು ಎಕ್ಸ್‌ಪ್ಯಾನ್ಷನ್ ಕಾರ್ಡ್ ಎನ್ನುತ್ತಾರೆ. ಎರಡು ಬೆರಳಗಲದ, ಉಕ್ಕಿನ ಬೆನ್ನಿನ ತುಂಡು. ಲ್ಯಾಪ್‌ಟಾಪಿನ ಎಡಮಗ್ಗುಲಿನ ಸಂದಿಗೆ ಅದನ್ನು ತೂರಿಸಿದರೆ ಹೊರಗುಳಿದ ತುದಿಗೆ ತಂತಿ ಸಿಕ್ಕಿಸಬಹುದು. ಸರಿಯಾಗಿ ಕೂತರೆ ಲ್ಯಾಪ್‌ಟಾಪ್ ಎರಡು ಸ್ವರದ ಒಂದು ಸದ್ದು ಮಾಡುತ್ತದೆ. ಅತ್ತೆಯ ಮನೆಯಲ್ಲಿ ದಿನ ಶುರುವಾಗುವುದೇ ಆ ಸದ್ದಿನಿಂದ. ಈಗಿನ ಲ್ಯಾಪ್‌ಟಾಪುಗಳಲ್ಲಿ ಆ ಸಂದಿಯೇ ಇಲ್ಲ.

ಸದ್ದು ಏಳೆಂಟು ತಿಂಗಳಿಂದ ಒಂದು ದಿನ ಬಂದರೆ ಒಂದು ದಿನ ಬರುತ್ತಿರಲಿಲ್ಲ. ಮೇ ತಿಂಗಳಿಂದ ಹೆಚ್ಚುಕಡಿಮೆ ನಿಂತೇಹೋಯಿತು. ಬೀದಿ ಕೊನೆಯ ರಿಪೇರಿ ಅಂಗಡಿಯವನು ಕಾರ್ಡು ಬೇಡ, ಯುಎಸ್‌ಬಿಗೆ ಚುಚ್ಚುವ ವೈರು ಹಾಕಿ ಎಂದು ಒಂದನ್ನು ಕೊಟ್ಟ. ಅದು ಅರ್ಧ ಡಿಸೈನು ಕಳಿಸಿ ಸುಮ್ಮನಾಗುತ್ತಿತ್ತು. ಯಾರದೋ ಹಸಿರು ರೇಷ್ಮೆ ರವಿಕೆಯ ಬೆನ್ನಿನ ಮೇಲೆ ಕೊಕ್ಕು, ಕಣ್ಣು, ಕುತ್ತಿಗೆ ಬಂದು ಅಲ್ಲಿಗೇ ನವಿಲು ಮುಗಿಯಿತು. ಅತ್ತೆ ಆ ದಾರವನ್ನೆಲ್ಲ ಬಿಚ್ಚಿ, ತೂತು ಕಾಣದ ಹಾಗೆ ಮೇಲೊಂದು ಹೂವು ಹೊಲಿಸಿ ಕೊಟ್ಟರಂತೆ.

ಆಗ ಮಾವ ಒಂದು ತೀರ್ಮಾನಕ್ಕೆ ಬಂದರು. ಮಾವ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಕೆಲಸ ಮಾಡದ ಯಂತ್ರ ಮನೆಯಲ್ಲಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಹಳೇ ಮಿಷನ್ನು ಕೊಂಡು ಬಿಡಿಭಾಗ ಮಾರುವವನೊಬ್ಬನನ್ನು ಹುಡುಕಿದರು. ಜೂನ್ ೨೯ರ ಭಾನುವಾರ ಟೆಂಪೋ ತರುತ್ತೇನೆ ಎಂದು ಅವನು ಹೇಳಿದ. ಅತ್ತೆ ಜಗಳ ಮಾಡಲಿಲ್ಲ. ನನಗೆ ಫೋನ್ ಮಾಡಿ ಇಷ್ಟೇ ಹೇಳಿದರು:

"ಪುಟ್ಟಿ, ಅಷ್ಟರೊಳಗೆ ಒಂದ್ಸಲ ನೋಡ್ತೀಯೇನೆ? ಇದು ಹೋದ್ರೆ ನಾನು ಇನ್ನೊಂದು ಕಲಿಯಲ್ಲ ಕಣೇ. ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸ್ಕೊಂಡು ಇರ್ತೀನಿ, ಅಷ್ಟೇ."

ನಾನು ಕಂಪ್ಯೂಟರ್ ಓದಿದವಳಲ್ಲ. ಆದರೆ ಕೆಡುವ ವಸ್ತುವಿನ ಪಕ್ಕ ಕೂತು ಬರೆದುಕೊಳ್ಳುವುದು ಗೊತ್ತು. ಆ ವಾರ ನನಗೆ ಮಧ್ಯಾಹ್ನದ ಪಾಳಿ, ಬೆಳಗ್ಗೆ ಬಿಡುವು. ಹೊಸ ನೋಟುಬುಕ್ಕಿನಲ್ಲಿ ಗೆರೆ ಹಾಕಿ ಅಂಕಣ ಮಾಡಿಕೊಂಡೆ: ದಿನ, ಹೊತ್ತು, ಏನು ಮಾಡಿದೆ, ಸದ್ದು ಬಂತೇ, ಷರಾ.

ಸಂದಿ ಅಂದರೆ ನನಗೆ ನೆನಪಾಗುವುದು ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮಿನ ಹಳದಿ ಕ್ಯಾಸೆಟ್ಟು. ಇದೇ ಮನೆಯಲ್ಲಿ, ಇದೇ ಕೋಣೆಯಲ್ಲಿ, ರಜೆಯ ಮಧ್ಯಾಹ್ನಗಳಲ್ಲಿ ಅದನ್ನು ಹಾಕಿ ತೆಗೆದು ಆಡುತ್ತಿದ್ದೆ. ಪರದೆ ಮೇಲೆ ಬರೀ ಬಣ್ಣದ ಪಟ್ಟಿ ಬಂದರೆ ಕ್ಯಾಸೆಟ್ಟಿನ ಬಾಯಿಗೆ ಒಂದು ಸಲ ಊದುವುದು. ಊದಿದರೆ ಸರಿಹೋಗುತ್ತದೆ ಎಂದು ಬೀದಿಯ ಅಷ್ಟೂ ಮಕ್ಕಳು ನಂಬಿದ್ದೆವು. ನನ್ನ ಊದು ಬಲವಾದದ್ದು ಎಂದು ಹೆಸರಾಗಿತ್ತು. ಪಕ್ಕದ ಮನೆಯವರು ಕ್ಯಾಸೆಟ್ಟು ಹಿಡಿದುಕೊಂಡು ನನ್ನನ್ನು ಹುಡುಕಿ ಬರುತ್ತಿದ್ದರು. ಊದುವಾಗ ಎಂಜಲು ಹಾರಿ ಒಳಗಿನ ತಾಮ್ರ ಹಾಳಾಗುತ್ತದೆ ಎಂದು ತಿಳಿದದ್ದು ತೀರಾ ಈಚೆಗೆ. ಎಷ್ಟು ಮನೆಯ ಕ್ಯಾಸೆಟ್ಟನ್ನು ನಾನು ಕೊಂದೆನೋ! ಅದೊಂದು ಲೆಕ್ಕ ಮಾತ್ರ ನನ್ನಲ್ಲಿ ಇಲ್ಲ.

ಇರಲಿ. ಮೊದಲ ವಾರ ಮೂವತ್ತೊಂದು ಪ್ರಯತ್ನ. ಕಾರ್ಡು ತೆಗೆದು ಹಾಕಿದೆ. ಲ್ಯಾಪ್‌ಟಾಪ್ ಆರಿಸಿ ಹಾಕಿದೆ, ಹಾಕಿ ಆರಿಸಿದೆ. ಬ್ಯಾಟರಿ ಕಳಚಿ ಹಾಕಿದೆ. ಶುರುವಿನ ನೀಲಿ ಪರದೆಯಲ್ಲಿ ಈ ಸಂದಿಯನ್ನೇ ಯಾರಾದರೂ ಮುಚ್ಚಿಬಿಟ್ಟಿದ್ದಾರೆಯೇ ಎಂದು ನೋಡಿದೆ. ಇಲ್ಲ, ತೆರೆದೇ ಇತ್ತು. ವಿದ್ಯುತ್ತು ಉಳಿಸಲೆಂದು ಲ್ಯಾಪ್‌ಟಾಪೇ ಕಾರ್ಡನ್ನು ಮಲಗಿಸುವ ಒಂದು ಏರ್ಪಾಡಿದೆ, ಅದನ್ನು ತೆಗೆದುಹಾಕಿದೆ. ಗುರುವಾರ ಡ್ರೈವರನ್ನು, ಅಂದರೆ ಕಾರ್ಡಿನ ಭಾಷೆಯನ್ನು ಲ್ಯಾಪ್‌ಟಾಪಿಗೆ ತಿಳಿಸುವ ಪ್ರೋಗ್ರಾಮನ್ನು, ಅಳಿಸಿ ಹೊಸದಾಗಿ ಹಾಕಿದೆ. ಅವತ್ತು ನಾಲ್ಕು ಸಲ ಹಾಕಿದರೆ ನಾಲ್ಕೂ ಸಲ ಸದ್ದು! ಶುಕ್ರವಾರ ಮತ್ತೆ ಮೌನ.

ಮಾವ ಬಾಗಿಲಿಗೆ ಒರಗಿ ನೋಡುತ್ತಿದ್ದರು. "ಏನಮ್ಮ ಇಂಜಿನಿಯರ್ರೇ, ರೋಗಿ ಉಳೀತಾರಾ?" ಎಂದು ದಿನಕ್ಕೊಮ್ಮೆ ಕೇಳುವುದು ಅವರ ಪದ್ಧತಿಯಾಯಿತು. ಅತ್ತೆ ಮಾತ್ರ ಏನೂ ಕೇಳದೆ ಕಾಫಿ ತಂದಿಟ್ಟು, ಸ್ಟೂಲಿನ ಮೇಲೆ ಕೂತು, ಕಿವಿಯನ್ನು ಲ್ಯಾಪ್‌ಟಾಪಿನ ಕಡೆಗೆ ಕೊಟ್ಟು ಕಾಯುತ್ತಿದ್ದರು.

ಎರಡನೇ ವಾರ ನನ್ನ ಪಾಳಿ ಬೆಳಗ್ಗೆಗೆ ಬದಲಾಯಿತು. ಕೆಲಸ ಮುಗಿಸಿ ಹೆಗ್ಗನಹಳ್ಳಿ ತಲುಪುವಾಗ ಮೂರೂವರೆ. ಸೋಮವಾರ ಡ್ರೈವರಿನ ಇನ್ನೊಂದು ಹಳೆಯ ಆವೃತ್ತಿಯನ್ನು ಹುಡುಕಿ ಹಾಕಿದೆ. ಸಂದಿಯಲ್ಲಿದ್ದ ಕಾರ್ಡನ್ನು ತೆಗೆದು ಮತ್ತೆ ತೂರಿಸಿದೆ. ಸದ್ದು ಬಂತು. ಮಂಗಳವಾರವೂ ಬಂತು. ಬುಧವಾರವೂ ಬಂತು. ಗುರುವಾರ ನಾನು ಸುಂಕದಕಟ್ಟೆಯಲ್ಲಿ ಇಳಿದು ಅರ್ಧ ಕೆಜಿ ಮೈಸೂರುಪಾಕು ಕೊಂಡು, ಮಾವನ ಕೈಗೇ ಡಬ್ಬಿ ಕೊಟ್ಟು, ರೋಗಿ ಉಳಿದರು ಎಂದೆ. ಡ್ರೈವರಿನ ತಪ್ಪು ಎಂಬ ವಿಷಯವಾಗಿ ಅವರಿಗೆ ಹತ್ತು ನಿಮಿಷ ಪಾಠವನ್ನೂ ಮಾಡಿದೆ. ಅವರು ಮೂರು ತುಂಡು ತಿಂದು, ಟೆಂಪೋದವನಿಗೆ ಈಗಲೇ ಬೇಡ ಅನ್ನಲ್ಲ, ೨೯ರ ಭಾನುವಾರದವರೆಗೆ ನೋಡೋಣ ಎಂದರು.

ಒಂದು ಮಾತು ಮಾತ್ರ ಕೂಡುತ್ತಿರಲಿಲ್ಲ. ಬೆಳಗ್ಗೆ ತಾನು ಹಾಕಿದಾಗ ಸದ್ದು ಬರಲಿಲ್ಲ ಎಂದು ಅತ್ತೆ ದಿನವೂ ಹೇಳುತ್ತಿದ್ದರು. ಕಣ್ಣಿಗೆ ಬೆಳಗಿನ ಬೆಳಕೇ ಅನುಕೂಲವೆಂದು ಅವರು ಕೆಲಸಕ್ಕೆ ಕೂರುವುದು ಒಂಬತ್ತಕ್ಕೆ. ಕಾರ್ಡು ಹಟ ಮಾಡಿದರೆ ಹನ್ನೊಂದಕ್ಕೆ ಬಿಟ್ಟು ಅಡುಗೆಮನೆಗೆ ಹೋಗುತ್ತಾರೆ. ಮತ್ತೆ ಅವತ್ತು ಮುಟ್ಟುವುದಿಲ್ಲ. ಅವರು ಹಾಕಿದರೆ ಬಾರದ ಸದ್ದು ನಾನು ಹಾಕಿದರೆ ಬರುತ್ತದೆ. ಇದರಿಂದ ನಾನು ಏನು ತಿಳಿಯಬೇಕು? ತಿಳಿದುಕೊಂಡೆ, ಬಾಯಿಬಿಟ್ಟು ಹೇಳಿಯೂಬಿಟ್ಟೆ.

"ನೀವು ಸರಿಯಾಗಿ ತೂರಿಸ್ತಿಲ್ಲ ಅತ್ತೆ. ಹೆಬ್ಬೆರಳು ಒತ್ತಲ್ಲ ಅಲ್ವಾ ನಿಮಗೆ, ಅದಕ್ಕೇ."

ಅತ್ತೆ ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡು "ಇರಬಹುದು" ಎಂದರು. ಷರಾ ಅಂಕಣದಲ್ಲಿ ನಾನು ಬರೆದೆ: ಅತ್ತೆಯ ಕೈ ಸರಿ ಇಲ್ಲ. ಬರೆದದ್ದು ಅವರಿಗೆ ಕಾಣುತ್ತಿತ್ತು. ಅವರಿಗೆ ಕನ್ನಡ ಓದಲು ಚೆನ್ನಾಗಿಯೇ ಬರುತ್ತದೆ.

ಮೂರನೇ ವಾರ ನನಗೆ ಮತ್ತೆ ಮಧ್ಯಾಹ್ನದ ಪಾಳಿ. ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ, ಯಾವ ಕೀಲೂ ಹಿಡಿಯದ ನನ್ನ ಹೆಬ್ಬೆರಳಿನಿಂದ, ಸರಿಯಾಗಿ ಒತ್ತಿ ಕಾರ್ಡು ತೂರಿಸಿದೆ. ಸದ್ದಿಲ್ಲ. ಶುಕ್ರವಾರದವರೆಗೆ ಇಪ್ಪತ್ತೆರಡು ಸಲ, ಒಮ್ಮೆಯೂ ಇಲ್ಲ. ಮಾವ ರೋಗಿಯ ವಿಚಾರ ಕೇಳುವುದನ್ನೇ ಬಿಟ್ಟರು. ಅದು ಕೇಳುವುದಕ್ಕಿಂತ ಕಷ್ಟವಾಗಿತ್ತು. ಮಿಷನ್ನಿನ ಸುತ್ತ ಜಾಗ ಮಾಡಿ, ಮೂಲೆಯ ಕುರ್ಚಿಗಳನ್ನು ಎತ್ತಿಟ್ಟರು, ಟೆಂಪೋದವರು ಹೊರಲಿಕ್ಕೆ ಅನುಕೂಲವಾಗಲಿ ಎಂದು. ಅತ್ತೆ ದಾರದ ರೀಲುಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡಿ ಒಂದು ಹಳೇ ಬಿಸ್ಕತ್ತಿನ ಡಬ್ಬಕ್ಕೆ ತುಂಬುತ್ತಿದ್ದರು. ಯಾರಿಗೆ ಕೊಡುತ್ತೀರಿ ಎಂದು ಕೇಳಿದರೆ ಇನ್ನೂ ಯೋಚಿಸಿಲ್ಲ ಎಂದರು.

ಶುಕ್ರವಾರ ಲ್ಯಾಬಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನೋಟುಬುಕ್ಕನ್ನು ಮೊದಲಿಂದ ಓದಿದೆ. ಇಷ್ಟು ದಿನವೂ ನಾನು ಓದುತ್ತಿದ್ದದ್ದು ಮೂರನೆಯ ಅಂಕಣ, ಏನು ಮಾಡಿದೆ ಎಂಬುದು. ಅದು ನನ್ನ ಜಾಣತನದ ಅಂಕಣ. ಎರಡನೆಯದನ್ನು, ಹೊತ್ತನ್ನು, ಅಭ್ಯಾಸಬಲದಿಂದ ತುಂಬಿದ್ದೆನೇ ಹೊರತು ಓದಿರಲಿಲ್ಲ. ಮಧ್ಯಾಹ್ನ ಮೂರರ ಮೇಲೆ ಹನ್ನೊಂದು ಪ್ರಯತ್ನ, ಹನ್ನೊಂದೂ ಸದ್ದು. ಬೆಳಗ್ಗೆ ಐವತ್ತಮೂರು ಪ್ರಯತ್ನ, ನಾಲ್ಕು ಸದ್ದು. ಆ ನಾಲ್ಕೂ ಒಂದೇ ದಿನ, ಮೊದಲ ವಾರದ ಗುರುವಾರ. ಷರಾ ಅಂಕಣದಲ್ಲಿ ನನ್ನದೇ ಅಕ್ಷರ: ಅತ್ತೆ ಅನ್ನಪೂರ್ಣೇಶ್ವರಿ ನಗರದ ಗೃಹಪ್ರವೇಶಕ್ಕೆ ಮುಂಜಾನೆಯೇ ಹೋಗಿದ್ದಾರೆ. ಕಾರ್ಡು ತಂದುಕೊಟ್ಟದ್ದು ಮಾವ.

ಅತ್ತೆ ಇಲ್ಲದ ಬೆಳಗ್ಗೆ ಕಾರ್ಡು ಮಾತಾಡಿತ್ತು. ಒಂಬತ್ತು ಗಂಟೆಗಿಂತ ಮುಂಚೆ ಆ ಮನೆಯಲ್ಲಿ ಏನಾಗುತ್ತದೆ? ನಾನು ಒಂದು ದಿನವೂ ಅಷ್ಟು ಬೇಗ ಹೋದವಳಲ್ಲ.

ಜೂನ್ ೨೮, ಶನಿವಾರ, ೬ ಗಂಟೆ ೫೦ ನಿಮಿಷಕ್ಕೆ ಅತ್ತೆಯ ಮನೆ ಬಾಗಿಲಲ್ಲಿದ್ದೆ. ಅತ್ತೆ ಸ್ನಾನ ಮಾಡಿ ಪೂಜೆಗೆ ಕೂತಿದ್ದರು. ಕಾರ್ಡನ್ನು ರಾತ್ರಿ ದೇವರ ಗೂಡಿನಲ್ಲಿ ಇಡುತ್ತಾರೆಂದು ನನಗೆ ಮೊದಲೇ ಗೊತ್ತಿತ್ತು. ಆ ಮನೆಯಲ್ಲಿ ಮನೆಪತ್ರ, ಗ್ಯಾಸಿನ ಪುಸ್ತಕ, ಬೀರುವಿನ ಬೀಗದ ಕೈ ಎಲ್ಲ ಇರುವುದು ಅಲ್ಲೇ. ಗೊತ್ತಿಲ್ಲದ್ದು ಆಮೇಲಿನದು. ಅತ್ತೆ ವಿಭೂತಿ ಗಟ್ಟಿಯ ಮೇಲೆ ನೀರು ಬಿಟ್ಟುಕೊಂಡು ಮೂರು ಬೆರಳಿನಿಂದ ತೇಯ್ದು ಹಣೆಗೆ ಹಚ್ಚಿಕೊಂಡರು. ಮತ್ತೆ ತೇಯ್ದು ಕಾರ್ಡಿನ ಬೆನ್ನಿಗೆ ಮೂರು ಗೆರೆ ಎಳೆದರು. ಅದನ್ನು ತಿರುಗಿಸಿ ಇನ್ನು ಮೂರು. ಆಮೇಲೆ ಗೂಡಿಗೆ ಒರಗಿಸಿ ನಿಲ್ಲಿಸಿದರು, ಬಾಯಿ ಕೆಳಗೆ ಮಾಡಿ. ಬಿಳಿ ನೀರು ಉಕ್ಕಿನ ಮೇಲೆ ಇಳಿದು ಇಳಿದು ಅಂಚಿನಲ್ಲಿ ಕೂಡಿಕೊಂಡಿತು. ಆ ಅಂಚಿನ ಬಾಯೊಳಗೇ ಲ್ಯಾಪ್‌ಟಾಪಿನ ಜೊತೆ ಮಾತಾಡುವ ಇಪ್ಪತ್ತಾರು ಸಣ್ಣ ತಾಮ್ರದ ನಾಲಗೆಗಳಿರುವುದು. ಪೂಜೆ ಮುಗಿಸಿ ಅತ್ತೆ ಕಾರ್ಡನ್ನು ರೇಷ್ಮೆ ಚೂರಿನಲ್ಲಿ ಒರೆಸಿ, ಅದರಲ್ಲೇ ಸುತ್ತಿದರು. ಒರೆಸಿದ್ದು ಬೆನ್ನು. ಬಾಯೊಳಗಿನದು ಒಣಗಲು ಮಧ್ಯಾಹ್ನವಾಗಬೇಕು. ದಿನವೂ ನನ್ನ ಕೈಗೆ ಬರುತ್ತಿದ್ದದ್ದು ಆ ಗಂಟು. ಬೆನ್ನಿನ ಮೇಲಿನ ಮಬ್ಬು ಬಿಳುಪನ್ನು ನಾನು ಹಳೇ ಲೋಹದ ಬಣ್ಣ ಎಂದುಕೊಂಡಿದ್ದೆ.

ಹೇಳುವುದು ಸುಲಭವಾಗಿರಲಿಲ್ಲ. ಅವರ ಕೈ ಸರಿ ಇಲ್ಲ ಎಂದು ಒಮ್ಮೆ ತಪ್ಪು ಹೇಳಿ ಆಗಿತ್ತು. ಈಗ ಮತ್ತೆ ಅದೇ ಕೈಯ ಬಗ್ಗೆ, ಅದೂ ದೇವರ ಮುಂದೆ ಕೂತವರಿಗೆ. ಹೇಳದೆ ಕಾರ್ಡನ್ನು ಮೆಲ್ಲಗೆ ನನ್ನ ಚೀಲಕ್ಕೆ ಹಾಕಿಕೊಂಡು, ರಿಪೇರಿಯಾಯಿತು, ಇನ್ನು ಸಂದಿಯಿಂದ ಹೊರಗೆ ತೆಗೆಯಬೇಡಿ ಎಂದುಬಿಡಲೇ ಎಂದೂ ಯೋಚಿಸಿದೆ. ಆದರೆ ಆಗ ನನ್ನ ಪುಸ್ತಕದಲ್ಲಿ ಕೈಯ ಮೇಲಿನ ಮಾತು ಹಾಗೆಯೇ ಉಳಿಯುತ್ತಿತ್ತು. ಅವರು ಎದ್ದು ಬಂದ ಮೇಲೆ ಕೇಳಿದೆ.

"ಅತ್ತೆ, ಬೇಜಾರ್ ಮಾಡ್ಕೋಬೇಡಿ. ಕಾರ್ಡಿಗೆ ದಿನಾ ವಿಭೂತಿ ಹಚ್ತೀರಾ?"

"ಹಚ್ದೆ ಇರ್ತಾರಾ? ಅದು ನಿಂತ್ರೆ ನನ್ನ ಕೆಲಸಾನೇ ನಿಂತಂಗಲ್ವಾ?"

"ಒದ್ದೆದು?"

"ಒಣಾದು ಹತ್ತುತ್ತೇನೆ ಉಕ್ಕಿಗೆ?"

ಗಂಟು ಬಿಚ್ಚಿ ತೋರಿಸಿದೆ. ದಾರ ಪೋಣಿಸಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ಅತ್ತೆ ತಂದು, ಕಿಟಕಿಯ ಬೆಳಕಿಗೆ ಕಾರ್ಡಿನ ಬಾಯಿ ಹಿಡಿದು ತುಂಬ ಹೊತ್ತು ನೋಡಿದರು. ಒಳಗೆ ಹಸಿ ಬಿಳಿ ಕೆಸರು. ಅದರ ಕೆಳಗೆ ಹಳೆಯದು ಗಟ್ಟಿಯಾಗಿ ಕೂತಿತ್ತು. ಒದ್ದೆಯಿರುವಾಗ ನಾಲಗೆಗಳೆಲ್ಲ ಒಂದಕ್ಕೊಂದು ಅಂಟಿ ಲ್ಯಾಪ್‌ಟಾಪಿಗೆ ಏನೂ ತಿಳಿಯುವುದಿಲ್ಲ, ಮಧ್ಯಾಹ್ನ ಒಣಗಿದ ಮೇಲೆ ತಿಳಿಯುತ್ತದೆ ಎಂದು ನನಗೆ ಅರ್ಥವಾದಷ್ಟನ್ನು ಹೇಳಿದೆ.

"ಹಂಗಾರೆ ಇಷ್ಟು ದಿನ ಅದರ ಬಾಯಿ ಕಟ್ಟಿದ್ದು ನಾನೇ ಅನ್ನು" ಎಂದರು ಅತ್ತೆ.

ನಾನು ಗಡಿಬಿಡಿಯಲ್ಲಿ, ಹಾಗಲ್ಲ, ನಾನೂ ಡ್ರೈವರು ಅದು ಇದು ಎಂದು ಮೂರು ವಾರ ಕಳೆದೆನಲ್ಲ ಎಂದೆಲ್ಲ ಹೇಳತೊಡಗಿದೆ. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ಗಾಜನ್ನು ಕೆಳಗಿಟ್ಟರು.

"ಮೊದಲು ಒಂದೇ ಬೊಟ್ಟು ಇಡ್ತಿದ್ದೆ ಕಣೇ. ಒಂದಿನ ಅದು ಕೈ ಕೊಡ್ತು. ಭಯ ಆಯ್ತು. ಆಮೇಲಿಂದ ಭಯ ಆದಾಗೆಲ್ಲ ಇನ್ನೊಂದು ಗೆರೆ ಎಳೀತಿದ್ದೆ."

ಮಾವ ಪೇಪರು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಇದಕ್ಕೆ ಅವರು ಏನಾದರೂ ಅಂದೇ ಅನ್ನುತ್ತಾರೆ ಎಂದುಕೊಂಡೆ. ಅವರು ಒಳಗೆ ಹೋಗಿ ತಮ್ಮ ಹಳೇ ಟೂಲ್ ಡಬ್ಬದಿಂದ ಮೆತ್ತನೆಯ ಒಂದು ಬ್ರಷ್ಷು ಹುಡುಕಿ ತಂದು ನನ್ನ ಕೈಗೆ ಕೊಟ್ಟರು. ಲ್ಯಾಬಿನ ಸ್ಪಿರಿಟ್ಟು ನನ್ನ ಚೀಲದಲ್ಲೇ ಇತ್ತು. ಇಪ್ಪತ್ತಾರನ್ನೂ ಒಂದೊಂದಾಗಿ ಒರೆಸಿದೆ. ಅತ್ತೆ ಗಾಜು ಹಿಡಿದುಕೊಂಡು ಎಣಿಸಿದರು. ಆರಲು ಒಂದು ಗಂಟೆ ಬಿಟ್ಟೆವು. ೯ ಗಂಟೆ ೧೨ ನಿಮಿಷಕ್ಕೆ ಕಾರ್ಡನ್ನು ಅತ್ತೆಯ ಕೈಗೇ ಕೊಟ್ಟೆ. ಅವರು ಹೆಬ್ಬೆರಳು ಬಿಟ್ಟು ಅಂಗೈ ಬುಡದಿಂದ ಒತ್ತಿದರು. ಎರಡು ಸ್ವರದ ಸದ್ದು ಬಂತು.

ಅತ್ತೆ ಬಿಸ್ಕತ್ತಿನ ಡಬ್ಬ ತೆರೆದು ಕೆಂಪು ರೀಲು ಹುಡುಕಿದರು. ಹತ್ತು ನಿಮಿಷದಲ್ಲಿ ಯಾರದೋ ರವಿಕೆಯ ತೋಳು ಚೌಕಟ್ಟಿಗೆ ಹತ್ತಿ ಮಿಷನ್ನು ಓಡುತ್ತಿತ್ತು. ಆ ಗದ್ದಲದಲ್ಲೇ ಮಾವ ಫೋನು ಕಿವಿಗೆ ಒತ್ತಿಕೊಂಡು ಗಟ್ಟಿಯಾಗಿ ಮಾತಾಡಿದರು.

"ನಾಳೆ ಬರೋದು ಬೇಡಪ್ಪ. ಇಲ್ಲ, ಬೇರೆಯವರಿಗೆ ಕೊಟ್ಟಿಲ್ಲ. ಮಿಷನ್ ಸರಿ ಇದೆ. ರಿಪೇರಿ ಏನೂ ಅಲ್ಲ, ಅದು ಯಾವತ್ತೂ ಸರೀನೇ ಇತ್ತು."

ನಾನು ಹೊರಡುವಾಗ ಅತ್ತೆ ನೋಟುಬುಕ್ಕು ಕೇಳಿ ಇಸಿದುಕೊಂಡರು. ಪುಟ ತಿರುವಿ ಎರಡನೇ ವಾರಕ್ಕೆ ಬಂದು ಬೆರಳಿಟ್ಟು, ಇದನ್ನು ಹೊಡೆದು ಹಾಕು ಎಂದರು. ಲ್ಯಾಬಿನಲ್ಲಿ ಬರೆದದ್ದನ್ನು ಗೀಚಿ ಅಳಿಸುವ ಹಾಗಿಲ್ಲ. ಒಂದೇ ಗೆರೆ ಎಳೆದು, ಓದಲು ಬರುವ ಹಾಗೆ ಬಿಟ್ಟು, ಪಕ್ಕದಲ್ಲಿ ಸಹಿ ಹಾಕಬೇಕು. ಹಾಗೆಯೇ ಮಾಡಿದೆ. ಅವರು ಪೆನ್ನು ತೆಗೆದುಕೊಂಡು ನನ್ನ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು, ಗಿರಿಜಮ್ಮ ಎಂದು, ನಿಧಾನಕ್ಕೆ.

ಈಗ ಕಾರ್ಡು ದೇವರ ಗೂಡಿಗೆ ಹೋಗುವುದಿಲ್ಲ, ಸಂದಿಯಲ್ಲೇ ಇರುತ್ತದೆ. ಅತ್ತೆ ಪೂಜೆ ಮುಗಿಸಿ, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಒಣಗಿದ ಅಂಗೈಯನ್ನು ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಒಂದು ಕ್ಷಣ ಇಟ್ಟು, ಕಾರ್ಡನ್ನು ಒಮ್ಮೆ ತೆಗೆದು ತೂರಿಸಿ ಕೆಲಸ ಶುರುಮಾಡುತ್ತಾರೆ. ಇದನ್ನು ಬರೆಯುವ ಹೊತ್ತಿಗೆ ನಲವತ್ತು ಬೆಳಗುಗಳಾದವು. ಮೂವತ್ತೇಳು ದಿನ ಸದ್ದು ಬಂದಿದೆ. ಬಾರದ ಮೂರೂ ದಿನ ಕಳೆದ ವಾರದವು.

ನನ್ನ ಚಿಂತೆ ಆ ಮೂರು. ಇಪ್ಪತ್ತಾರರಲ್ಲಿ ಮೂರು ನಾಲಗೆಗಳು ಹಸಿರು ಹತ್ತಿವೆ, ಸ್ಪಿರಿಟ್ಟಿಗೆ ಬಿಡುತ್ತಿಲ್ಲ. ಕೆರೆದರೆ ತಾಮ್ರವೇ ಹೋಗುತ್ತದೆಯೋ ಏನೋ ಎಂಬ ಹೆದರಿಕೆ. ಹಸಿರನ್ನು ಬಿಡಿಸುವ ಉಪಾಯ ಗೊತ್ತಿದ್ದವರು ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಅದಕ್ಕಿಂತ ಒಳ್ಳೆಯದು ಇನ್ನೊಂದು ಕಾರ್ಡು. ಅಗಲ ಮೂವತ್ತನಾಲ್ಕು ಮಿಲಿಮೀಟರ್, ಹೊರಗಿನ ತುದಿಯಲ್ಲಿ ಒಂಬತ್ತು ಸೂಜಿಯ ಪೋರ್ಟು. ಕೇಳಿದ ಅಂಗಡಿಗಳಲ್ಲೆಲ್ಲ ಇಲ್ಲ ಎಂದರು. ನಿಮ್ಮ ಮನೆಯ ಅಟ್ಟದಲ್ಲೋ ಬೀರುವಿನ ತಳದಲ್ಲೋ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದರ ಮಗ್ಗುಲನ್ನು ಒಮ್ಮೆ ಬೆರಳಿನಿಂದ ಸವರಿ ನೋಡಿ. ಕಾರ್ಡಿದ್ದರೆ, ಒತ್ತಿದಾಗ ಚಿಮ್ಮಿ ಹೊರಗೆ ಬರುತ್ತದೆ. ಸಿಕ್ಕಿದರೆ ಒಂದು ಸಾಲು ಬರೆಯಿರಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಮುಟ್ಟುವ ಮುಂಚೆ ಕೈ ಒರೆಸಿಕೊಂಡಿರಿ.